ಇಟ್ಟು ಮರೆಯುವ ಯಂತ್ರಗಳು: ವಸ್ತುಗಳ ಇಂಟರ್ನೆಟ್ ಎಂದರೇನು, ಅದರ ಕಷ್ಟಗಳೇನು?

ಬಯಲುಸೀಮೆಯ ತೋಟಗಳಲ್ಲಿ ಬೋರ್‌ವೆಲ್ ಪಕ್ಕದ ಕಂಬಕ್ಕೆ ಒಂದು ತಗಡಿನ ಪೆಟ್ಟಿಗೆ ಬಿಗಿದಿರುತ್ತಾರೆ. ಒಳಗೆ ಪಂಪ್‌ಸೆಟ್ಟಿನ ಸ್ಟಾರ್ಟರ್. ಅದರ ಮಗ್ಗುಲಲ್ಲಿ ಸಿಮ್ ಹಾಕಿದ ಒಂದು ಪುಟ್ಟ ಡಬ್ಬಿ. ರೈತರ ಬಾಯಲ್ಲಿ ಅದು ಮೊಬೈಲ್ ಸ್ಟಾರ್ಟರ್. ತ್ರೀ ಫೇಸ್ ಕರೆಂಟು ಬರುವುದು ಪಾಳಿಯ ಮೇಲೆ, ಎಷ್ಟೋ ಸಲ ನಡುರಾತ್ರಿ. ಮೊದಲಾದರೆ ಟಾರ್ಚು ಹಿಡಿದು, ಹಾವು ಚೇಳು ನೋಡಿಕೊಂಡು ತೋಟಕ್ಕೆ ನಡೆಯಬೇಕಿತ್ತು. ಈಗ ಮಲಗಿದಲ್ಲಿಂದಲೇ ಕರೆ ಮಾಡಿದರೆ ಮೋಟಾರು ಶುರುವಾಗುತ್ತದೆ. ಬಾವಿಯಲ್ಲಿ ನೀರು ಬತ್ತಿದರೆ ತಾನಾಗಿ ನಿಂತು, ನಿಂತ ಸುದ್ದಿಯನ್ನು ಎಸ್ಎಂಎಸ್ ಮಾಡುತ್ತದೆ.

ಕಟ್ಟುನಿಟ್ಟಾಗಿ ಹೇಳಿದರೆ ಆ ಡಬ್ಬಿ ಇರುವುದು ಫೋನಿನ ಜಾಲದಲ್ಲಿ. ಇಂಟರ್ನೆಟ್ಟಿನ ಹೊಸ್ತಿಲಲ್ಲಿ ನಿಂತಿದೆ ಎನ್ನಬಹುದು. ಆದರೆ 'ಇಂಟರ್ನೆಟ್ ಆಫ್ ಥಿಂಗ್ಸ್', ಅಂದರೆ ವಸ್ತುಗಳ ಇಂಟರ್ನೆಟ್ ಎಂಬುದರ ಮೂರು ಲಕ್ಷಣಗಳೂ ಅದರಲ್ಲಿವೆ. ಸುತ್ತಲಿನ ಸಂಗತಿಯನ್ನು ಅಳೆಯುತ್ತದೆ, ದೂರದವರಿಗೆ ತಿಳಿಸುತ್ತದೆ, ಅಲ್ಲಿಂದ ಬಂದ ಅಪ್ಪಣೆಯಂತೆ ಕೆಲಸ ಮಾಡುತ್ತದೆ. ಅಳೆಯುವ ಅಂಗಕ್ಕೆ ಸೆನ್ಸರ್ ಎನ್ನುತ್ತಾರೆ. ಮಿಕ್ಕದ್ದು ಒಂದು ಅಗ್ಗದ ಚಿಪ್, ಒಂದು ರೇಡಿಯೊ, ಸ್ವಲ್ಪ ವಿದ್ಯುತ್.

ಈ ವಿಷಯ ಈಗ ಮನೆಯ ಗೋಡೆಗೇ ಬಂದು ಕೂತಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ವಿದ್ಯುತ್ ವಿತರಣಾ ಯೋಜನೆಯಲ್ಲಿ ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿಯಿದೆ. ಕರ್ನಾಟಕದಲ್ಲಿ 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಅದರ ಬೆಲೆಯ ಜಗಳ ಹೈಕೋರ್ಟಿನ ಮೆಟ್ಟಿಲೇರಿತು. ಬೆಲೆಯ ಮಾತು ಇಲ್ಲಿ ಬೇಡ. ಇಂಥ ವಸ್ತು ಒಳಗೆ ಹೇಗೆ ಕೆಲಸ ಮಾಡುತ್ತದೆ, ಅದನ್ನು ಸರಿಯಾಗಿ ಮಾಡುವುದು ಸಂಶೋಧಕರಿಗೂ ಏಕೆ ಇಷ್ಟು ಕಷ್ಟವಾಗಿದೆ ಎಂದು ನೋಡೋಣ.

ಮೊಬೈಲನ್ನು ನಾವು ದಿನಕ್ಕೊಮ್ಮೆ ಚಾರ್ಜ್ ಮಾಡುತ್ತೇವೆ, ಮೂರ್ನಾಲ್ಕು ವರ್ಷಕ್ಕೆ ಬದಲಿಸುತ್ತೇವೆ, ಹೊತ್ತುಹೊತ್ತಿಗೂ ಅದರ ಮುಖ ನೋಡುತ್ತೇವೆ. ಮೀಟರನ್ನೋ ತೋಟದ ಸೆನ್ಸರನ್ನೋ ಹಾಗೆ ನೋಡುವವರಿಲ್ಲ. ಒಮ್ಮೆ ಕೂರಿಸಿದರೆ ಹತ್ತು ಹದಿನೈದು ವರ್ಷ ಅದು ಅಲ್ಲೇ ಇರಬೇಕು. ಮುಂದೆ ಹೇಳುವ ಕಷ್ಟಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಇಟ್ಟು ಮರೆಯುವ ಗುಣದಿಂದಲೇ ಹುಟ್ಟಿದವು.

ಹೆಸರು ಬಂದದ್ದು ಲಿಪ್‌ಸ್ಟಿಕ್ಕಿನಿಂದ

1999ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿದ್ದ ಕೆವಿನ್ ಆಷ್ಟನ್ ಎಂಬ ಬ್ರಿಟಿಷ್ ಉದ್ಯೋಗಿ ತನ್ನ ಮೇಲಧಿಕಾರಿಗಳಿಗೆ ಒಂದು ಯೋಜನೆ ವಿವರಿಸುವಾಗ ಈ ಹೆಸರನ್ನು ಶೀರ್ಷಿಕೆಯಾಗಿ ಬಳಸಿದರು. ಅವರ ಚಿಂತೆ ಸಣ್ಣದು: ಒಂದು ಬಣ್ಣದ ಲಿಪ್‌ಸ್ಟಿಕ್ ಅಂಗಡಿಗಳ ಕಪಾಟಿನಲ್ಲಿ ಪದೇ ಪದೇ ಖಾಲಿಯಾಗುತ್ತಿತ್ತು, ಖಾಲಿಯಾದದ್ದು ಕಂಪ್ಯೂಟರಿಗೆ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರಿಗೆ ಗೊತ್ತಿರುವುದೆಲ್ಲ ಮನುಷ್ಯರು ಕೈಯಾರೆ ಟೈಪು ಮಾಡಿದ್ದು. ವಸ್ತುವೇ ತನ್ನ ಇರವನ್ನು ಹೇಳಿಕೊಳ್ಳುವಂತಾದರೆ? ಅದಕ್ಕೆ ಅವರು ಹಿಡಿದದ್ದು ರೇಡಿಯೊ ಅಲೆಯಿಂದ ಓದಬಹುದಾದ ಚೀಟಿಯನ್ನು. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಅದೇ ವಂಶದ್ದು. ಅದರಲ್ಲಿ ಬ್ಯಾಟರಿಯಿಲ್ಲ, ಟೋಲ್ ಗೇಟಿನ ಆಂಟೆನಾ ಬೀರುವ ಅಲೆಯ ಶಕ್ತಿಯಿಂದಲೇ ಅರೆಗಳಿಗೆ ಎಚ್ಚೆತ್ತು ತನ್ನ ಸಂಖ್ಯೆ ಹೇಳಿ ಮತ್ತೆ ಸುಮ್ಮನಾಗುತ್ತದೆ.

ಹೆಸರಿಗಿಂತ ಕೆಲಸ ಹಳೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಆರಂಭದಲ್ಲೇ ಕೋಕ್ ಮಾರುವ ಯಂತ್ರವೊಂದನ್ನು ಕಂಪ್ಯೂಟರ್ ಜಾಲಕ್ಕೆ ಸೇರಿಸಿದ್ದರು. ಬಾಟಲಿ ಇದೆಯೋ ಇಲ್ಲವೋ, ಇದ್ದರೆ ತಣ್ಣಗಾಗಿದೆಯೋ ಎಂದು ಕೂತಲ್ಲಿಂದಲೇ ನೋಡಬಹುದಿತ್ತು. ಸೋಮಾರಿತನದಿಂದ ಹುಟ್ಟಿದ ತಂತ್ರಜ್ಞಾನಗಳ ಪಟ್ಟಿ ಮಾಡಿದರೆ ಇದಕ್ಕೆ ಮೇಲಿನ ಜಾಗವೇ ಸಿಗಬೇಕು.

ಆಮೇಲೆ ಬಂದದ್ದು ಭವಿಷ್ಯವಾಣಿಗಳ ಕಾಲ. 2010-11ರ ಸುಮಾರಿಗೆ ಎರಿಕ್ಸನ್, ಸಿಸ್ಕೊದಂಥ ದೊಡ್ಡ ಕಂಪನಿಗಳು 2020ರ ಹೊತ್ತಿಗೆ ಜಗತ್ತಿನಲ್ಲಿ 5,000 ಕೋಟಿ ಸಾಧನಗಳು ಜಾಲದಲ್ಲಿರುತ್ತವೆ ಎಂದವು. 2020 ಬಂತು, ಹೋಯಿತು. ಲೆಕ್ಕ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಏಕೆ ಎಂಬುದಕ್ಕೆ ಕಾರಣಗಳು ಸಾಧನದ ಒಳಗೇ ಇವೆ.

ಎರಡು ಸೆಲ್ಲಿನಲ್ಲಿ ಹತ್ತು ವರ್ಷ

ಮೊದಲ ಕಾರಣ ವಿದ್ಯುತ್. ಮೀಟರಿಗೆ ಕರೆಂಟಿನ ಕೊರತೆಯಿಲ್ಲ, ಅದರ ಕೆಲಸವೇ ಕರೆಂಟಿನ ಜೊತೆ. ಆದರೆ ಅಡಿಕೆ ತೋಟದ ನಡುವಿನ ಮಣ್ಣಿನ ತೇವ ಅಳೆಯುವ ಕಡ್ಡಿಗೆ ವೈರು ಎಳೆಯುವವರು ಯಾರು? ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಪೆನ್ಸಿಲ್ ಸೆಲ್ ಹಾಕಿದೆವು ಎನ್ನೋಣ. ಅವುಗಳಲ್ಲಿ ಸುಮಾರು 2,500 ಮಿಲಿ ಆಂಪಿಯರ್-ಗಂಟೆಯಷ್ಟು ದಾಸ್ತಾನು ಇರುತ್ತದೆ. ಚಿಪ್ಪೂ ರೇಡಿಯೊವೂ ಎಚ್ಚರವಾಗಿದ್ದಾಗ 20 ಮಿಲಿ ಆಂಪಿಯರ್ ಎಳೆದರೆ 125 ಗಂಟೆಗೆ, ಅಂದರೆ ಐದೇ ದಿನಕ್ಕೆ ಸೆಲ್ ಮುಗಿಯಿತು.

ಈಗ ಅದೇ ಸಾಧನವನ್ನು ಮಲಗಿಸಿ. ಕಾಲು ಗಂಟೆಗೊಮ್ಮೆ ಒಂದು ಸೆಕೆಂಡು ಎದ್ದು, ಅಳೆದು, ಹೇಳಿ, ಮತ್ತೆ ಮಲಗಲಿ. ನಿದ್ದೆಯಲ್ಲಿ ಅದು ಎಳೆಯುವುದು ಮಿಲಿ ಆಂಪಿಯರಿನ 200ನೇ ಒಂದು ಭಾಗ ಎಂದಿಟ್ಟುಕೊಂಡರೆ, ಸರಾಸರಿ ಖರ್ಚು ಎಷ್ಟು ಇಳಿಯುತ್ತದೆಂದರೆ ಕಾಗದದ ಮೇಲೆ ಅದೇ ಸೆಲ್ಲು ಹತ್ತು ವರ್ಷ ಬರುತ್ತದೆ. ವಾಸ್ತವದಲ್ಲಿ ಸೆಲ್ಲು ಬಳಸದಿದ್ದರೂ ತಾನಾಗಿ ಸೋರುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಹಾಗಾಗಿ ಅಷ್ಟು ಬಾಳುವುದಿಲ್ಲ. ಆದರೂ ಐದು ದಿನವೆಲ್ಲಿ, ಐದಾರು ವರ್ಷವೆಲ್ಲಿ.

ನಿದ್ದೆಗೆ ಬೆಲೆಯಿದೆ. ಮಲಗಿದವನ ಕಿವಿಗೆ ಮಾತು ಬೀಳುವುದಿಲ್ಲ. ಅದಕ್ಕೇ ಇಂಥ ಅನೇಕ ಸಾಧನಗಳು ತಾವು ಬಾಯಿ ಬಿಟ್ಟ ಮರುಕ್ಷಣ ಮಾತ್ರ ಕಿವಿ ತೆರೆಯುತ್ತವೆ. ನೀವು ಕಳಿಸಿದ ಅಪ್ಪಣೆ ಅಲ್ಲಿಯವರೆಗೆ ಹೊರಗೆ ಜಗುಲಿಯ ಮೇಲೆ ಕಾಯಬೇಕು. ತೇವ ಅಳೆಯಲು ಇದು ನಡೆದೀತು; ಗ್ಯಾಸ್ ಸೋರಿಕೆ ತಡೆಯುವ ಕವಾಟಕ್ಕೆ ನಡೆಯದು. ಎಷ್ಟು ಹೊತ್ತು ಮಲಗಬೇಕು, ಯಾರು ಯಾವಾಗ ಏಳಬೇಕು ಎಂಬ ಸರದಿಯನ್ನು ನೂರಾರು ಸಾಧನಗಳ ನಡುವೆ ಹೊಂದಿಸುವುದು ಇಂದಿಗೂ ಸಂಶೋಧನೆಯ ವಿಷಯ.

ಸೆಲ್ಲನ್ನೇ ತೆಗೆದುಹಾಕುವ ದಾರಿಯೂ ಇದೆ. ಶಾಲೆಯಲ್ಲಿ ಕನ್ನಡಿ ಚೂರು ಹಿಡಿದು ಎದುರು ಬೆಂಚಿನವನ ಕಣ್ಣಿಗೆ ಬಿಸಿಲು ಹಾಯಿಸಿದ್ದು ನೆನಪಿದೆಯೇ? ಬೆಳಕು ನಮ್ಮದಲ್ಲ, ಕನ್ನಡಿಯನ್ನು ಅತ್ತಿತ್ತ ಆಡಿಸುವುದಷ್ಟೇ ನಮ್ಮ ಕೆಲಸ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಟಿವಿ ಗೋಪುರದಿಂದ ಹೇಗೂ ಹರಿದುಬರುತ್ತಿದ್ದ ಅಲೆಗಳನ್ನು ಹೀಗೆಯೇ ಪ್ರತಿಫಲಿಸಿ ಬ್ಯಾಟರಿಯಿಲ್ಲದ ಎರಡು ಸಾಧನಗಳ ನಡುವೆ ಸಂದೇಶ ಕಳಿಸಿದರು. ಆಗ ದಾಟಿದ್ದು ಎರಡೂವರೆ ಅಡಿ ಮಾತ್ರ. ದೂರ ಆಮೇಲೆ ಬಹಳ ಹಿಗ್ಗಿದೆ, ಆದರೆ ತೋಟಕ್ಕೆ ಕೊಂಡು ಹಾಕುವಷ್ಟು ಪಳಗಿಲ್ಲ. ಅಲೆಯಿಂದಲೋ ಸಣ್ಣ ಸೌರಫಲಕದಿಂದಲೋ ಹನಿಹನಿಯಾಗಿ ಶಕ್ತಿ ಪಡೆಯುವ ಚಿಪ್ಪಿಗೆ ಇನ್ನೊಂದು ತೊಡಕಿದೆ. ಲೆಕ್ಕದ ನಡುವೆಯೇ ಶಕ್ತಿ ಕೈಕೊಟ್ಟು ಪ್ರಾಣ ಹೋಗುತ್ತದೆ. ಮತ್ತೆ ಎದ್ದಾಗ ಎಲ್ಲಿ ಬಿಟ್ಟೆನೋ ಅಲ್ಲಿಂದ ಮುಂದುವರಿಯುವಂತೆ ಅದನ್ನು ಕಟ್ಟುವುದು ಹೇಗೆಂಬುದೇ ಒಂದು ಪ್ರತ್ಯೇಕ ಅಧ್ಯಯನ ಶಾಖೆಯಾಗಿದೆ.

ದೂರಕ್ಕೆ ಕೂ ಹಾಕುವುದು

ಮಲೆನಾಡಿನಲ್ಲಿ ಗುಡ್ಡದ ಆಚೆಗಿನ ಮನೆಯವರನ್ನು ಕರೆಯಬೇಕಾದರೆ ಪೂರ್ತಿ ವಾಕ್ಯ ಹೇಳುವುದಿಲ್ಲ. ಉದ್ದಕ್ಕೆ ಎಳೆದು 'ಕೂ' ಹಾಕುತ್ತಾರೆ. ಒಂದೇ ಅಕ್ಷರ, ಎಳೆದದ್ದರಿಂದ ಗಾಳಿ ಗದ್ದಲದಲ್ಲೂ ಕಿವಿಗೆ ಸಿಗುತ್ತದೆ. ಲೋರಾ ಎಂಬ ರೇಡಿಯೊ ತಂತ್ರ ಮಾಡುವುದೂ ಇದನ್ನೇ. ಒಂದೊಂದು ಮಾಹಿತಿ ತುಣುಕನ್ನೂ ಕೆಳಸ್ವರದಿಂದ ಮೇಲಕ್ಕೆ ಜಾರುವ ಉದ್ದ ಕೂಗಾಗಿ ಹಿಗ್ಗಿಸುತ್ತದೆ. ಆದ್ದರಿಂದ ತೀರ ಕಡಿಮೆ ಶಕ್ತಿಯಲ್ಲೂ ಬಯಲಿನಲ್ಲಿ ಹಲವು ಕಿಲೋಮೀಟರ್ ಮುಟ್ಟುತ್ತದೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗಿನ ತರಂಗಪಟ್ಟಿಗೆ ಪರವಾನಗಿ ಬೇಡವಾದ್ದರಿಂದ ಯಾರು ಬೇಕಾದರೂ ಇದನ್ನು ಬಳಸಬಹುದು. ವೇಗ ಮಾತ್ರ ಕೇಳಬೇಡಿ: ದೂರ ಹೆಚ್ಚಾದಾಗ ಸೆಕೆಂಡಿಗೆ ಕೆಲವೇ ನೂರು ಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಒಂದು ಫೋಟೊ ಕಳಿಸಲು ಹೊರಟರೆ ಗಂಟೆಗಟ್ಟಲೆ ಹಿಡಿದೀತು.

ಪರವಾನಗಿ ಬೇಡ ಎಂಬುದರಲ್ಲೇ ಸಮಸ್ಯೆಯೂ ಇದೆ. ಎಲ್ಲರೂ ಒಟ್ಟಿಗೆ ಕೂ ಹಾಕಿದರೆ ಯಾರದೂ ಕೇಳಿಸುವುದಿಲ್ಲ.

ಇನ್ನು ವಿಳಾಸದ ಮಾತು. ಹಳೆಯ ಇಂಟರ್ನೆಟ್ ವಿಳಾಸಗಳ ಸಂಖ್ಯೆ ಒಟ್ಟು ಸುಮಾರು 430 ಕೋಟಿ; ಅವು ಹಂಚಿ ಮುಗಿದಿವೆ. ಹೊಸ ವ್ಯವಸ್ಥೆಯಾದ ಐಪಿವಿ6ರಲ್ಲಿ ಮರಳಿನ ಕಣಕ್ಕೊಂದರಂತೆ ಕೊಟ್ಟರೂ ಮುಗಿಯದಷ್ಟು ವಿಳಾಸಗಳಿವೆ. ಆದರೆ ವಿಳಾಸ ಉದ್ದವಾಯಿತು. ಪುಟ್ಟ ರೇಡಿಯೊಗಳು ಒಂದು ಸಲಕ್ಕೆ ಹೊರುವುದು 127 ಬೈಟ್. ಅದರಲ್ಲಿ 40 ಬೈಟನ್ನು ಐಪಿವಿ6ರ ತಲೆಬರಹವೇ ನುಂಗುತ್ತದೆ. ಪೋಸ್ಟ್ ಕಾರ್ಡಿನ ತುಂಬ ವಿಳಾಸ ಬರೆದು ಒಕ್ಕಣೆಗೆ ಜಾಗ ಸಾಲದ ಹಾಗೆ. 2007ರಲ್ಲಿ ಸಿದ್ಧವಾದ ಒಂದು ತಾಂತ್ರಿಕ ಒಪ್ಪಂದ ಇದಕ್ಕೆ ಹಳ್ಳಿಯ ಉಪಾಯವನ್ನೇ ಹಿಡಿಯಿತು. ಊರೊಳಗಿನ ಕಾಗದಕ್ಕೆ ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಏಕೆ? 'ಕೆರೆ ಬೀದಿ, ಮೂಲೆ ಮನೆ' ಎಂದರೆ ಸಾಕು. ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುವ ಭಾಗವನ್ನು ಬಿಟ್ಟು ಬರೆಯುವುದರಿಂದ 40 ಬೈಟಿನ ಜಾಗದಲ್ಲಿ ಬೆರಳೆಣಿಕೆಯ ಬೈಟುಗಳು ಸಾಕಾಗುತ್ತವೆ.

ಬೇರೆ ಬೇರೆ ಕಂಪನಿಯ ಬಲ್ಬು, ಬೀಗ, ಫ್ಯಾನುಗಳು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ ಮನೆಯವರಿಂದ ಐದಾರು ಆ್ಯಪ್ ಹಾಕಿಸಿಕೊಳ್ಳುವ ಕಾಟವೂ ಇದೆ. ಮ್ಯಾಟರ್ ಎಂಬ ಸಾಮಾನ್ಯ ಭಾಷೆಯನ್ನು ಹಲವು ಕಂಪನಿಗಳು ಸೇರಿ 2022ರಲ್ಲಿ ಹೊರತಂದಿವೆ. ಮನೆಯೊಳಗಿನ ಜಗಳ ಅದರಿಂದ ತಗ್ಗುತ್ತಿದೆ; ಕಾರ್ಖಾನೆ, ಹೊಲಗಳಲ್ಲಿ ಇನ್ನೂ ಹತ್ತು ಭಾಷೆಗಳ ಸಂತೆಯೇ.

ಎಲ್ಲ ಮನೆಗೂ ಒಂದೇ ಕೀಲಿ

ಹೊಸ ಬಡಾವಣೆಯೊಂದನ್ನು ಕಟ್ಟಿದ ಗುತ್ತಿಗೆದಾರ ಎಲ್ಲ ಮನೆಗಳಿಗೂ ಒಂದೇ ಕೀಲಿಯ ಬೀಗ ಹಾಕಿ, 'ಆಮೇಲೆ ನೀವೇ ಬದಲಿಸಿಕೊಳ್ಳಿ' ಎಂದು ಹೇಳಿ ಹೋದ ಎಂದುಕೊಳ್ಳಿ. ಬದಲಿಸುವವರು ಎಷ್ಟು ಮಂದಿ? ಅಗ್ಗದ ಸಿಸಿಟಿವಿ ಕ್ಯಾಮೆರಾ, ರೂಟರ್, ರೆಕಾರ್ಡರುಗಳು ಬಹುಕಾಲ ಹೀಗೆಯೇ ಮಾರಾಟವಾದವು.

2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಬಂತು. ಅದರ ಜೇಬಿನಲ್ಲಿದ್ದದ್ದು ಕಾರ್ಖಾನೆಯಲ್ಲೇ ಕೂರಿಸಿದ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಇಂಟರ್ನೆಟ್ಟಿನಲ್ಲಿ ಮನೆಮನೆಯ ಬಾಗಿಲು ತಟ್ಟಿ, ಪಟ್ಟಿಯಲ್ಲಿದ್ದ ಕೀಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿತು. ಲಕ್ಷಾಂತರ ಬಾಗಿಲು ತೆರೆದವು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳು ಒಮ್ಮೆಗೇ ಡೈನ್ ಎಂಬ ಕಂಪನಿಯ ಮೇಲೆ ಸುಳ್ಳು ಕೋರಿಕೆಗಳ ಮಳೆಗರೆದವು. ಜಾಲತಾಣದ ಹೆಸರನ್ನು ವಿಳಾಸವಾಗಿ ಬದಲಿಸಿ ಕೊಡುವುದು ಡೈನ್ ಕೆಲಸವಾಗಿತ್ತು. ಅದು ಕುಸಿದದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದ ಮೂವರು ತರುಣರು 2017ರ ಕೊನೆಯಲ್ಲಿ ತಪ್ಪೊಪ್ಪಿಕೊಂಡರು. ಅವರ ಆರಂಭದ ಗುರಿ ಮೈನ್‌ಕ್ರಾಫ್ಟ್ ಆಟದ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳನ್ನು ಬೀಳಿಸುವುದಾಗಿತ್ತು.

ನನ್ನ ದೃಷ್ಟಿಯಲ್ಲಿ ಈ ಕಥೆಯ ತಿರುಳು ಪಾಸ್‌ವರ್ಡಿನಾಚೆ ಇದೆ. ಕ್ಯಾಮೆರಾ ಕೊಂಡವನಿಗೆ ಏನೂ ನಷ್ಟವಾಗಲಿಲ್ಲ, ಅವನ ಕ್ಯಾಮೆರಾ ಮೊದಲಿನಂತೆಯೇ ಗೇಟು ತೋರಿಸುತ್ತಿತ್ತು. ಮಾರಿದವನಿಗೂ ನಷ್ಟವಿಲ್ಲ. ಪೆಟ್ಟು ಬಿದ್ದದ್ದು ಮೂರನೆಯವನಿಗೆ. ಹಾಗಾಗಿ ದುಬಾರಿ ಬೀಗ ಹಾಕಲು ಕೊಳ್ಳುವವನಿಗೂ ಮಾರುವವನಿಗೂ ಆತುರವಿರಲಿಲ್ಲ. ಕಾನೂನು ಕಾಲಿಟ್ಟದ್ದು ಇಲ್ಲಿ. ಬ್ರಿಟನ್ 2024ರ ಏಪ್ರಿಲ್‌ನಿಂದ ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ನಿಷೇಧಿಸಿದೆ. ಭಾರತದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ.

ಸಂಶೋಧಕರ ಪಾಲಿಗೆ ಉಳಿದದ್ದು ಬೀಗದ ತೂಕ. ಬ್ಯಾಂಕಿನ ವಹಿವಾಟನ್ನು ಕಾಯುವ ಗೂಢಲಿಪಿ ವಿಧಾನಗಳು ತೀರ ಬಡಕಲು ಚಿಪ್ಪಿಗೆ ಭಾರ. ಅಮೆರಿಕದ ಮಾನಕ ಸಂಸ್ಥೆ ಹಗುರವಾದ ವಿಧಾನಕ್ಕಾಗಿ ಜಗತ್ತಿಗೆ ಕರೆ ಕೊಟ್ಟಾಗ 57 ಪ್ರಸ್ತಾವಗಳು ಬಂದವು. ಅವನ್ನು ಒಡೆಯಲು ತಜ್ಞರು ವರ್ಷಗಟ್ಟಲೆ ಯತ್ನಿಸಿದ ಮೇಲೆ 2023ರ ಫೆಬ್ರವರಿಯಲ್ಲಿ ಆಸ್ಕಾನ್ ಎಂಬುದನ್ನು ಆರಿಸಿ, 2025ರಲ್ಲಿ ಮಾನಕವಾಗಿ ಪ್ರಕಟಿಸಿದರು.

ಮೀಟರಿಗೆ ಏನೆಲ್ಲ ಗೊತ್ತು?

ಹಳೆಯ ಮೀಟರಿಗೆ ತಿಂಗಳ ಒಟ್ಟು ಲೆಕ್ಕವಷ್ಟೇ ಗೊತ್ತಿತ್ತು. ಸ್ಮಾರ್ಟ್ ಮೀಟರ್ 15 ಅಥವಾ 30 ನಿಮಿಷಕ್ಕೊಂದು ಲೆಕ್ಕ ಬರೆದಿಡಬಲ್ಲದು. ಗೀಸರ್ 2,000 ವಾಟ್ ಎಳೆಯುತ್ತದೆ. ಫ್ರಿಜ್ ನೂರು ಚಿಲ್ಲರೆ ವಾಟ್ ಎಳೆಯುತ್ತ ಹೊತ್ತು ಹೊತ್ತಿಗೆ ತಾನೇ ನಿಂತು ಶುರುವಾಗುತ್ತದೆ. ಒಂದೊಂದು ಉಪಕರಣಕ್ಕೂ ಒಂದೊಂದು ಹೆಜ್ಜೆ ಗುರುತು. ಒಟ್ಟು ಬಳಕೆಯ ಗೆರೆಯನ್ನು ನೋಡಿಯೇ ಯಾವ ಉಪಕರಣ ಯಾವಾಗ ಓಡಿತು ಎಂದು ಬಿಡಿಸುವ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ರೂಪಿಸಿದವರು ಜಾರ್ಜ್ ಹಾರ್ಟ್. ಇದು ಮನೆಯ ಮೇಲೆ ಕಣ್ಗಾವಲಾಗಬಹುದು ಎಂದು 1989ರಷ್ಟು ಹಿಂದೆಯೇ ಎಚ್ಚರಿಸಿ ಬರೆದವರೂ ಅವರೇ. ಸೆಕೆಂಡಿಗೊಂದು ಲೆಕ್ಕ ಸಿಕ್ಕರೆ ಮಿಕ್ಸಿ ತಿರುಗಿದ್ದೂ ಕಾಣುತ್ತದೆ. ಕಾಲು ಗಂಟೆಯ ಲೆಕ್ಕದಲ್ಲಿ ಅಷ್ಟು ಸೂಕ್ಷ್ಮ ಸಿಗುವುದಿಲ್ಲ; ಆದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ವಾರ ಊರಿನಲ್ಲಿರಲಿಲ್ಲ ಎಂದು ಹೇಳಲು ಅಷ್ಟೇ ಸಾಕು.

ವಿದ್ಯುತ್ ಕಂಪನಿಗೆ ಬೀದಿಯ ಒಟ್ಟು ಬಳಕೆ ಬೇಕು, ಒಂದೊಂದು ಮನೆಯ ದಿನಚರಿ ಬೇಕಿಲ್ಲ. ಎರಡನ್ನೂ ಬೇರ್ಪಡಿಸಬಹುದೇ? ಬಹುದು. ನಾಲ್ಕು ಗೆಳೆಯರು ಯಾರ ಸಂಬಳವನ್ನೂ ಹೊರಗೆಡಹದೆ ಸರಾಸರಿ ತಿಳಿಯಬೇಕಾದರೆ, ಮೊದಲನೆಯವನು ತನ್ನ ಸಂಬಳಕ್ಕೆ ಒಂದು ಗುಟ್ಟಿನ ಸಂಖ್ಯೆ ಕೂಡಿಸಿ ಪಕ್ಕದವನ ಕಿವಿಯಲ್ಲಿ ಹೇಳುತ್ತಾನೆ. ಅವನು ತನ್ನದನ್ನು ಸೇರಿಸಿ ಮುಂದಿನವನಿಗೆ. ಸುತ್ತು ಮುಗಿದು ತನ್ನಲ್ಲಿಗೆ ಬಂದಾಗ ಮೊದಲನೆಯವನು ಗುಟ್ಟಿನ ಸಂಖ್ಯೆ ಕಳೆದರೆ ಮೊತ್ತ ಸಿಗುತ್ತದೆ, ಬಿಡಿ ಸಂಬಳ ಯಾರಿಗೂ ಸಿಗುವುದಿಲ್ಲ. ಮೀಟರುಗಳಿಗೂ ಇಂಥ ಗಣಿತವಿದೆ. ನಡುವೆ ಒಂದು ಮೀಟರ್ ಕೈಕೊಟ್ಟರೆ ಇಡೀ ಸುತ್ತೇ ಹಾಳಾಗದಂತೆ ನೋಡಿಕೊಳ್ಳುವುದರಲ್ಲಿ ಅದರ ಕಷ್ಟವಿದೆ.

ಇನ್ನೊಂದು ದಾರಿ, ದತ್ತಾಂಶವನ್ನು ಹೊರಗೆ ಕಳಿಸದೆ ಸಾಧನದೊಳಗೇ ಯೋಚಿಸಿ ತೀರ್ಮಾನವನ್ನು ಮಾತ್ರ ಕಳಿಸುವುದು. ಇದರಲ್ಲಿ ಬೆಂಗಳೂರಿಗೆ ಹೆಸರಿದೆ. ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು 2017ರಲ್ಲಿ ಬೋನ್ಸಾಯ್ ಎಂಬ ವಿಧಾನ ಪ್ರಕಟಿಸಿದರು. ಕಲಿತು ಗುರುತಿಸುವ ಯಂತ್ರಬುದ್ಧಿಯನ್ನು, ಹೆಸರೇ ಹೇಳುವಂತೆ, ಕುಂಡದ ಗಿಡದಷ್ಟಕ್ಕೆ ಕುಗ್ಗಿಸಿ 2 ಕಿಲೋಬೈಟ್ ನೆನಪಿನ ಅಗ್ಗದ ಚಿಪ್ಪಿನಲ್ಲಿ ಓಡಿಸಿದರು. 2 ಕಿಲೋಬೈಟ್ ಎಂದರೆ ಎಷ್ಟು? ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಮೂರು ಬೈಟ್ ತಿನ್ನುತ್ತದೆ. ಇದಕ್ಕೆ ಹಿಂದಿನ, ಗೆಳೆಯರ ಸಂಬಳದ ಪ್ಯಾರಾದಂಥ ಎರಡು ಪ್ಯಾರಾ ಕೂಡ ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲ.

ಸೆನ್ಸರ್ ಸುಳ್ಳು ಹೇಳಿದಾಗ

ಇದರ ಬಗ್ಗೆ ಮಾತು ಕಡಿಮೆ, ತೊಂದರೆ ಹೆಚ್ಚು. ಎರೆಮಣ್ಣಿನಲ್ಲಿ ಸರಿಯಾಗಿ ತೇವ ಹೇಳಿದ ಕಡ್ಡಿ ಕೆಮ್ಮಣ್ಣಿನಲ್ಲಿ ತಪ್ಪು ಹೇಳುತ್ತದೆ. ಪ್ರತಿ ಮಣ್ಣಿಗೂ ಅದನ್ನು ಹೊಂದಿಸಬೇಕು. ಅಗ್ಗದ ಕಡ್ಡಿಯ ಲೋಹ ಗೊಬ್ಬರದ ಉಪ್ಪಿಗೆ ಸವೆಯುತ್ತದೆ. ಗಾಳಿಯ ದೂಳು ಎಣಿಸುವ ಅಗ್ಗದ ಸೆನ್ಸರಿಗೆ ಮಂಜಿನ ಹನಿಯೂ ದೂಳಾಗಿ ಕಾಣುತ್ತದೆ. ಸಾಧನ ಪೂರ್ತಿ ಸತ್ತರೆ ಗೊತ್ತಾಗುತ್ತದೆ. ಮೆಲ್ಲಗೆ ದಾರಿ ತಪ್ಪಿದರೆ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಸೆನ್ಸರುಗಳ ಮಾತಿಗೆ ಹೋಲಿಸಿ ಸುಳ್ಳುಗಾರನನ್ನು ಹಿಡಿಯುವ ವಿಧಾನಗಳಿವೆ. ತೋಟಕ್ಕೆ ಒಂದೇ ಸೆನ್ಸರ್ ಹಾಕಿದವರಿಗೆ ಅವು ಉಪಯೋಗಕ್ಕೆ ಬಾರವು.

ಮುಪ್ಪು

ಸಾಧನದಲ್ಲಿ ಇಂದಲ್ಲ ನಾಳೆ ದೋಷ ಸಿಕ್ಕೇ ಸಿಗುತ್ತದೆ, ತಂತ್ರಾಂಶ ಬದಲಿಸಬೇಕು. ಸೆಕೆಂಡಿಗೆ 300 ಬಿಟ್ ಸಾಗಿಸುವ ರೇಡಿಯೊದಲ್ಲಿ 100 ಕಿಲೋಬೈಟಿನ ತಂತ್ರಾಂಶ ಇಳಿಸಲು ಎಡೆಬಿಡದೆ ಕಳಿಸಿದರೂ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಎಚ್ಚರವಿದ್ದರೆ ಸೆಲ್ಲಿನ ಆಯಸ್ಸು ಕರಗುತ್ತದೆ. ನಡುವೆ ಸಂಪರ್ಕ ಕಡಿದು ಅರ್ಧ ಹಳೆಯದು ಅರ್ಧ ಹೊಸದಾದರೆ ಸಾಧನ ಅಹಲ್ಯೆಯಂತೆ ಕಲ್ಲಾಗಿ ಕೂರುತ್ತದೆ. ಅದಕ್ಕಾಗಿ ಹಳೆಯ ಪ್ರತಿಯನ್ನು ಒಂದು ಕಡೆ ಉಳಿಸಿಕೊಂಡೇ ಹೊಸದನ್ನು ಇಳಿಸುವ ಕ್ರಮವಿದೆ. ಅದಕ್ಕೆ ಎರಡರಷ್ಟು ನೆನಪಿನ ಜಾಗ, ಅಂದರೆ ಹೆಚ್ಚು ಬೆಲೆ.

ತಯಾರಕರೇ ಕೈಬಿಟ್ಟರೆ? ರಿವಾಲ್ವ್ ಎಂಬ ಮನೆನಿಯಂತ್ರಣ ಪೆಟ್ಟಿಗೆಯನ್ನು ಅಮೆರಿಕದಲ್ಲಿ ಸುಮಾರು 300 ಡಾಲರ್ ಕೊಟ್ಟು ಜನ ಕೊಂಡಿದ್ದರು. ಅದನ್ನು ಖರೀದಿಸಿದ ನೆಸ್ಟ್ ಕಂಪನಿ 2016ರ ಮೇ ತಿಂಗಳಲ್ಲಿ ಅದರ ಸರ್ವರನ್ನು ನಿಲ್ಲಿಸಿತು. ಪೆಟ್ಟಿಗೆ ಕೆಟ್ಟಿರಲಿಲ್ಲ, ಆದರೂ ಅಂದಿನಿಂದ ಅದು ಬರಿಯ ಪ್ಲಾಸ್ಟಿಕ್. ಫೋನಿನ ಜಾಲಗಳೂ ಶಾಶ್ವತವಲ್ಲ. ಅಮೆರಿಕದಲ್ಲಿ 2022ರಲ್ಲಿ 3ಜಿ ನಿಂತಾಗ ಅದನ್ನೇ ನಂಬಿದ್ದ, ಕಳ್ಳರು ನುಗ್ಗಿದರೆ ಎಚ್ಚರಿಸುವ ಗಂಟೆಗಳನ್ನೂ ಕಾರುಗಳೊಳಗಿನ ಸಂಪರ್ಕ ಸಾಧನಗಳನ್ನೂ ಬದಲಿಸಬೇಕಾಯಿತು. ಎಷ್ಟು ಕಾಲ ತಂತ್ರಾಂಶ ದುರಸ್ತಿ ಕೊಡುತ್ತೇವೆ ಎಂದು ಮಾರುವಾಗಲೇ ಹೇಳಬೇಕೆಂದು ಬ್ರಿಟನ್ ಕಾನೂನು ಮಾಡಿದೆ. ಐರೋಪ್ಯ ಒಕ್ಕೂಟದ ಇಂಥದೇ ಕಾನೂನಿನ ಮುಖ್ಯ ಭಾಗ 2027ರ ಕೊನೆಗೆ ಜಾರಿಗೆ ಬರುತ್ತದೆ.

ವಿನ್ಯಾಸಕಾರರ ನಡುವೆ ಈಗ ಒತ್ತು ಪಡೆಯುತ್ತಿರುವ ಒಂದು ನಿಯಮವೆಂದರೆ, ಜಾಲ ಕಡಿದುಹೋದರೂ ವಸ್ತು ತನ್ನ ಮೂಲ ಕೆಲಸವನ್ನು ಮಾಡಬೇಕು; ಬೀಗವಾದರೆ ಕೀಲಿಯಿಂದ ತೆರೆಯಬೇಕು, ಬಲ್ಬಾದರೆ ಸ್ವಿಚ್ಚಿನಿಂದ ಹೊತ್ತಬೇಕು. ಬೋರ್‌ವೆಲ್ ಪಕ್ಕದ ಆ ತಗಡಿನ ಪೆಟ್ಟಿಗೆಯಲ್ಲಿ ಇದು ಮೊದಲಿನಿಂದಲೂ ಇದೆ. ಸಿಮ್ ಕರೆನ್ಸಿ ಮುಗಿದ ರಾತ್ರಿ ಟಾರ್ಚು ಹಿಡಿದು ಹೋದರೆ, ಬಾಗಿಲೊಳಗೆ ಹಸಿರು ಗುಂಡಿ, ಕೆಂಪು ಗುಂಡಿ ಎರಡೂ ಇದ್ದಲ್ಲೇ ಇರುತ್ತವೆ.